ಗ್ರೀನಿಗೆ ಮೀನು, ಮಂತಿಗೆ ಕಂತು

ಶಾಲೆಯಿಂದ ಬಂದ ಮಗುವಿನ ಚೀಲ ಬಿಚ್ಚಿದರೆ ಈಗ ಆಗಾಗ ಒಂದು ಹಾಳೆ ಸಿಗುತ್ತದೆ. ಎಡಗಡೆ ಐದಾರು ಇಂಗ್ಲಿಷ್ ಶಬ್ದ: ಬೋಟ್, ರೇನ್, ಗ್ರೀನ್, ಬೆಲ್, ಕೇಕ್. ಬಲಗಡೆ ಖಾಲಿ ಗೆರೆ. ಒಂದೊಂದಕ್ಕೂ ಪ್ರಾಸ ಕೂಡುವ ಎರಡು ಶಬ್ದ ಹುಡುಕಿ ಬರೆಯಬೇಕು. ಶಿರೂರಿನಿಂದ ಬ್ರಹ್ಮಾವರದವರೆಗೆ ಇಂಗ್ಲಿಷ್ ಮಾಧ್ಯಮದ ವ್ಯಾನು ಹೋಗದ ಊರು ಈಗ ಇಲ್ಲವೆಂದೇ ಹೇಳಬೇಕು. ಹಾಗಾಗಿ ಈ ಹಾಳೆ ಬಂದು ಕೂರದ ಜಗಲಿಯೂ ಇಲ್ಲ. ಮಕ್ಕಳ ಮನೆಪಾಠದಲ್ಲಿ ನನಗೆ ತೀರಾ ಇಷ್ಟವಾದದ್ದು ಇದೊಂದೇ. ಉಳಿದದ್ದನ್ನೆಲ್ಲ ನೋಡಿ ಬರೆದರೆ ಮುಗಿಯಿತು. ಇದಕ್ಕೆ ಮಾತ್ರ ಮಗು ಬಾಯಿ ತೆರೆದು, ಶಬ್ದವನ್ನು ಗಟ್ಟಿಯಾಗಿ ಆಡಿ, ತನ್ನ ಕಿವಿಯಿಂದ ತಾನೇ ಕೇಳಿಸಿಕೊಳ್ಳಬೇಕು.

ಈ ಕೆಲಸ ನಮ್ಮ ಕಡೆಯ ಮಕ್ಕಳಿಗೆ ಬೇರೆ ಕಡೆಯ ಕನ್ನಡದ ಮಕ್ಕಳಿಗಿಂತ ಸಲೀಸು ಎನ್ನುವುದು ನನ್ನ ಗಟ್ಟಿ ನಂಬಿಕೆ. ಕಾರಣ ಕುಂದಾಪ್ರ ಕನ್ನಡ. ಪುಸ್ತಕದ ಕನ್ನಡದಲ್ಲಿ ಶಬ್ದಗಳು ಸ್ವರದಲ್ಲಿ ಮುಗಿಯುತ್ತವೆ: ಮೀನು, ಜೇನು, ನೀರು, ಊರು, ಕೋಲು, ಹಾಲು. ನಮ್ಮ ಬಾಯಲ್ಲಿ ಆ ಕೊನೆಯ ಉಕಾರ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಮೀನ್, ಜೇನ್, ನೀರ್, ಊರ್, ಕೋಲ್, ಹಾಲ್. ಹೋಗಬೇಕು ಅನ್ನುವುದು ಹೋಯ್ಕ್, ಬರಬೇಕು ಅನ್ನುವುದು ಬರ್ಕ್, ತಿನ್ನುವುದು ತಿಂಬುದ್, ಕಾಣುವುದು ಕಾಂಬುದ್. ಬೆಂಗಳೂರಿನಿಂದ ಬಂದ ನೆಂಟರು ನಮ್ಮ ಮಾತು ತುಂಡು ತುಂಡಾಗಿ ಕೇಳಿಸುತ್ತದೆ ಎನ್ನುತ್ತಾರೆ. ಆ ತುಂಡಾಗುವ ಜಾಗದಲ್ಲೇ ಇಂಗ್ಲಿಷಿನ ಪ್ರಾಸವೂ ಕೂತಿರುವುದು. ಇಂಗ್ಲಿಷ್ ಶಬ್ದವೂ ಹೆಚ್ಚಾಗಿ ವ್ಯಂಜನಕ್ಕೆ ಬಂದು ನಿಲ್ಲುತ್ತದೆ. ಒತ್ತಿ ಹೇಳುವ ಸ್ವರ, ಅದರ ನಂತರದ ವ್ಯಂಜನ, ಇಷ್ಟು ಎರಡು ಶಬ್ದಗಳಲ್ಲಿ ಒಂದೇ ಆಗಿದ್ದರೆ ಪ್ರಾಸ ಕೂಡಿತು. ಹಾಗೆ ಮೊಟಕಾಗಿ ನಿಲ್ಲುವ ಅಭ್ಯಾಸ ಕೋಟದ ಮಗುವಿಗೂ ಕೊಲ್ಲೂರಿನ ಮಗುವಿಗೂ ತೊಟ್ಟಿಲಲ್ಲೇ ಆಗಿರುತ್ತದೆ.

ನಮ್ಮ ನೆರೆಮನೆಯ ಜಗಲಿಯಲ್ಲಿ ಕಳೆದ ಮಳೆಗಾಲದಲ್ಲಿ ಕಂಡದ್ದನ್ನು ಹೇಳುತ್ತೇನೆ. ಎರಡನೇ ಕ್ಲಾಸಿನ ಹುಡುಗಿ, ಗೋಣಿಯ ಮೇಲೆ ಕಾಲು ಚಾಚಿ ಕೂತು ಪೆನ್ಸಿಲಿನ ತುದಿ ಕಚ್ಚುತ್ತಿದ್ದಾಳೆ. ಗ್ರೀನ್ ಅನ್ನುವ ಶಬ್ದದ ಎದುರು ಗೆರೆ ಖಾಲಿ. ಅವಳ ಅಮ್ಮಮ್ಮ ಪಕ್ಕದಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಾರೆ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ ಹೆಂಗಸು. ಮಗು ಗ್ರೀನ್, ಗ್ರೀನ್ ಎಂದು ನಾಲ್ಕಾರು ಸಲ ಗುನುಗಿದ್ದೇ ತಡ, ಸಿಪ್ಪೆಯಿಂದ ಕಣ್ಣು ಎತ್ತದೆ, ‘ಅದ್ಕೆಂತ ಮಂಡಿ ಬಿಸಿ ಮಾಡ್ಕಂತೆ? ಮೀನ್ ಇತ್ತಲ್ದಾ’ ಅಂದರು. ಹುಡುಗಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಗ್ರೀನ್, ಮೀನ್, ಗ್ರೀನ್, ಮೀನ್ ಎಂದು ರಾಗ ಎಳೆದಳು. ಮೀನಿನ ಬೆನ್ನಿಗೇ ಕ್ವೀನ್ ಬಂತು, ಬೀನ್ ಬಂತು, ಸೀನ್ ಬಂತು. ಅಕ್ಷರವೇ ಗೊತ್ತಿಲ್ಲದ ಕಿವಿ ಅಕ್ಷರ ಕಲಿತ ಮಗುವಿಗೆ ದಾರಿ ತೋರಿಸಿತು. ಇಂಗ್ಲಿಷಿನಲ್ಲೂ ಮೀನ್ ಅನ್ನುವ ಶಬ್ದ ಇದೆ ಎಂಬುದು ಅಮ್ಮಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಪ್ರಾಸ ಹುಡುಕುವುದಕ್ಕೆ ಇಂಗ್ಲಿಷ್ ಶಾಲೆಗಳಲ್ಲಿ ಹೇಳಿಕೊಡುವ ಉಪಾಯ ಒಂದಿದೆ. ಶಬ್ದದ ತಲೆ ತೆಗೆದು, ಎ ಬಿ ಸಿ ಡಿಯ ಅಕ್ಷರಗಳನ್ನು ಒಂದೊಂದಾಗಿ ಅಲ್ಲಿ ಕೂರಿಸುತ್ತಾ ಹೋಗುವುದು. ಒಳ್ಳೆಯ ಉಪಾಯವೇ. ಆದರೆ ನಮ್ಮ ಅ ಆ ಇ ಈ ಕಲಿತ ಮಗುವಿಗೆ ಇದಕ್ಕಿಂತ ಚೆನ್ನಾದ ಏಣಿ ಇದೆ. ಕ ಖ ಗ ಘ, ಚ ಛ ಜ ಝ ಎಂದು ನಮ್ಮ ವ್ಯಂಜನಗಳು ಗಂಟಲಿನಿಂದ ತುಟಿಯವರೆಗೆ, ನಾಲಗೆ ತಾಗುವ ಜಾಗದ ಪ್ರಕಾರ ಜೋಡಿಸಿಕೊಂಡಿವೆ. ರೇನ್ ಅನ್ನುವ ಶಬ್ದವನ್ನು ಆ ದಾರಿಯಲ್ಲಿ ನಡೆಸಿ ನೋಡಿ. ಕೇನ್, ಗೇನ್, ಚೇನ್, ಜೇನ್, ಟ್ರೇನ್, ಡ್ರೇನ್, ಪೇನ್, ಬ್ರೇನ್, ಮೇನ್, ಲೇನ್, ವೇನ್, ಸ್ಪೇನ್. ಎ ಬಿ ಸಿ ಡಿಯಲ್ಲಿ ಹೋದ ಮಗುವಿಗೆ ಚೇನ್ ತಪ್ಪಿಹೋಗುವ ಸಂಭವ ಹೆಚ್ಚು, ಏಕೆಂದರೆ ಅಲ್ಲಿ ಚಕಾರಕ್ಕೆ ಸ್ವಂತ ಅಕ್ಷರವಿಲ್ಲ. ಎರಡು ಅಕ್ಷರ ಸೇರಿ ಆಗಬೇಕು. ನಮ್ಮ ಏಣಿಯಲ್ಲಿ ಅದಕ್ಕೆ ಒಂದು ಮೆಟ್ಟಿಲೇ ಇದೆ. ಇನ್ನು ನಡುವೆ ಬಂದ ಜೇನ್ ಇಂಗ್ಲಿಷಿನಲ್ಲಿ ಹೆಣ್ಣಿನ ಹೆಸರು, ನಮ್ಮಲ್ಲಿ ಹಲಸಿನ ಮರದ ಪೊಟರೆಯಲ್ಲಿ ಸಿಗುವ ಜೇನು. ಟ್ರೇನ್ ಬಗ್ಗೆ ಹೇಳುವುದೇ ಬೇಡ. 1998ರಲ್ಲಿ ಕೊಂಕಣ ರೈಲು ಮಂಗಳೂರಿನಿಂದ ಮುಂಬೈಯ ತನಕ ಪೂರ್ತಿಯಾಗಿ ಓಡತೊಡಗಿದ ಮೇಲೆ ಬಾರ್ಕೂರು, ಕುಂದಾಪುರ, ಸೇನಾಪುರ, ಬೈಂದೂರಿನ ಮಕ್ಕಳಿಗೆ ರೇನ್ ಮತ್ತು ಟ್ರೇನ್ ಒಟ್ಟಿಗೇ ಕೇಳುವ ಶಬ್ದಗಳು. ಜೂನ್ ತಿಂಗಳಿನಲ್ಲಿ ಗಾಡಿ ತಡವಾಗುವುದೇ ಮಳೆಯಿಂದ.

ಇಂಗ್ಲಿಷರಿಗೆ ಇದಕ್ಕೊಂದು ನಿಘಂಟೇ ಇದೆ. ಜಾನ್ ವಾಕರ್ ಎಂಬಾತ 1775ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಾಸನಿಘಂಟು ತಂದ. ನಾಟಕದಲ್ಲಿ ಪಾತ್ರ ಮಾಡಿ, ಆಮೇಲೆ ಮಾತಿನ ಉಚ್ಚಾರಣೆ ಕಲಿಸುವುದನ್ನೇ ವೃತ್ತಿ ಮಾಡಿಕೊಂಡವನು. ಅವನ ಪುಸ್ತಕದಲ್ಲಿ ಶಬ್ದಗಳನ್ನು ಮೊದಲಕ್ಷರದ ಪ್ರಕಾರ ಇಟ್ಟಿಲ್ಲ, ಕೊನೆಯಕ್ಷರದಿಂದ ಹಿಂದಕ್ಕೆ ಓದಿ ಜೋಡಿಸಿದ್ದಾನೆ. ಶಬ್ದವನ್ನು ಬಾಲದಿಂದ ಹಿಡಿಯುವ ಈ ಉಪಾಯ ನನಗೆ ಬಹಳ ಮೆಚ್ಚಿಗೆ. ಅದು ನೂರಾರು ವರ್ಷ ಮತ್ತೆ ಮತ್ತೆ ಅಚ್ಚಾಗುತ್ತಲೇ ಬಂತು ಅಂದ ಮೇಲೆ ಎಷ್ಟು ಕವಿಗಳ ಮೇಜಿನ ಮೇಲೆ ಇತ್ತೋ ಊಹಿಸಬಹುದು. ಆದರೆ ಬರಿಯ ಕಾಗುಣಿತ ನಂಬಿ ಹೋದವರಿಗೆ ಇಂಗ್ಲಿಷ್ ಕೈಕೊಡುತ್ತದೆ. ಓ ಯು ಜಿ ಎಚ್ ಎಂಬ ನಾಲ್ಕೇ ಅಕ್ಷರ ಬಾಲದಲ್ಲಿಟ್ಟುಕೊಂಡ ಶಬ್ದಗಳು ಕಾಫ್, ರಫ್, ದೋ, ಥ್ರೂ, ಬೌ ಎಂದು ಐದು ಕಡೆ ಮುಖ ಮಾಡುತ್ತವೆ. ಅದೇ ಬ್ಲೂ, ಶೂ, ಟೂ, ಹೂ, ಯೂ, ಥ್ರೂ ಇಷ್ಟೂ ಸರಿಯಾಗಿ ಪ್ರಾಸ ಕೂಡುತ್ತವೆ, ಕಾಗುಣಿತ ಮಾತ್ರ ಒಂದರಂತೆ ಇನ್ನೊಂದಿಲ್ಲ. ಲವ್ ಮತ್ತು ಮೂವ್ ಇಂಗ್ಲಿಷ್ ಅಕ್ಷರದಲ್ಲಿ ಅವಳಿಜವಳಿ. ಬಾಯಿಗೆ ಬಂದಾಗ ನೆಂಟಸ್ತಿಕೆಯೇ ಇಲ್ಲ.

ಈಗ ಮೇಲೆ ನಾನು ಬರೆದದ್ದನ್ನೇ ಇನ್ನೊಮ್ಮೆ ನೋಡಿ. ಬ್ಲೂ, ಶೂ, ಟೂ, ಹೂ. ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಎಲ್ಲದರ ಮೇಲೂ ಅದೇ ಕೊಂಬಿನ ದೀರ್ಘ. ಲವ್ ಮತ್ತು ಮೂವ್ ಬರೆದರೆ ಒಂದು ಹ್ರಸ್ವ, ಒಂದು ದೀರ್ಘ, ಎರಡೂ ಬೇರೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಇಂಗ್ಲಿಷ್ ಪ್ರಾಸವನ್ನು ಪರೀಕ್ಷೆ ಮಾಡಿ ನೋಡುವುದಕ್ಕೆ ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಅಕ್ಷರವೇ ಮೇಲು. ಎಷ್ಟೋ ಮನೆಗಳಲ್ಲಿ ಮಕ್ಕಳು ಇಂಗ್ಲಿಷ್ ಪುಸ್ತಕದ ಶಬ್ದದ ಮೇಲೆ ಸಣ್ಣದಾಗಿ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರೆ. ಅದನ್ನು ಕಂಡು ಬೈಯುವ ದೊಡ್ಡವರಿದ್ದಾರೆ. ಬೈಯುವಂಥ ಕೆಲಸ ಅದಲ್ಲವೇ ಅಲ್ಲ. ಮಗು ಕಿವಿಯಲ್ಲಿ ಕೇಳಿದ್ದನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುತ್ತಿದೆ.

ಪ್ರಾಸ ಎಂದರೆ ಸಾಲಿನ ಕೊನೆಯಲ್ಲಿ ಬರುವುದು ಎಂದು ಇಂದಿನ ಮಕ್ಕಳು ತಿಳಿದುಕೊಂಡಿದ್ದಾರೆ. ನಮ್ಮ ಹಳೆಯವರು ಕೇಳಿದ್ದರೆ ಆಶ್ಚರ್ಯಪಡುತ್ತಿದ್ದರು. ಕನ್ನಡದಲ್ಲಿ ಪ್ರಾಸ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಸಾಲಿನ ತಲೆಯಲ್ಲಿ, ಎರಡನೆಯ ಅಕ್ಷರದಲ್ಲಿ ಕೂತಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಪ್ರಾಸದ ಮಾತು ಎತ್ತುತ್ತದೆ. ನಾಗವರ್ಮನ ಛಂದೋಂಬುಧಿ ಅದಕ್ಕೆ ಲಕ್ಷಣ ಕಟ್ಟುತ್ತದೆ. ಆ ಛಂದೋಂಬುಧಿ ಮೊದಲ ಸಲ ಇಂದಿನ ರೀತಿಯಲ್ಲಿ ಅಚ್ಚಾಗಿ ಓದುಗರ ಕೈಸೇರಿದ್ದು ನಮ್ಮ ಕರಾವಳಿಯಿಂದಲೇ. ನಿಘಂಟು ಮಾಡಿದ ಕಿಟೆಲ್ ಅದನ್ನು ಪರಿಷ್ಕರಿಸಿ 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರತಂದರು. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಕನ್ನಡದ ಪ್ರಾಸ ಕಲಿಯುವುದಕ್ಕೆ ಅಷ್ಟು ಶ್ರಮಪಟ್ಟದ್ದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಎರಡನೆಯ ಅಕ್ಷರವೇ ಏಕೆ? ನನಗೆ ತಿಳಿದ ಮಟ್ಟಿಗೆ ಉತ್ತರ ನಮ್ಮ ವ್ಯಾಕರಣದಲ್ಲೇ ಇದೆ. ಕನ್ನಡದಲ್ಲಿ ಶಬ್ದದ ಬಾಲವೆಂದರೆ ಪ್ರತ್ಯಯ. ಬಂದನು, ತಿಂದನು, ಓದಿದನು, ಹೋದನು ಎಂದರೆ ಎಲ್ಲವೂ ತಾವಾಗಿಯೇ ಪ್ರಾಸವಾಗುತ್ತವೆ. ಕವಿ ಏನೂ ಕಷ್ಟಪಡಬೇಕಾಗಿಲ್ಲ. ಪುಕ್ಕಟೆ ಸಿಗುವ ಜಾಗದಲ್ಲಿ ಜಾಣತನ ತೋರಿಸಿ ಏನು ಬಂತು? ಧಾತು ಇರುವುದು ತಲೆಯಲ್ಲಿ. ಅಲ್ಲಿ ಪ್ರಾಸ ಕೂಡಿಸಿದರೆ ಎರಡು ಅರ್ಥಗಳನ್ನೇ ಕೂಡಿಸಿದ ಹಾಗೆ. ಇಂಗ್ಲಿಷ್ ತನ್ನ ಪ್ರತ್ಯಯಗಳನ್ನು ಕಾಲಕ್ರಮದಲ್ಲಿ ಬಹುಮಟ್ಟಿಗೆ ಉದುರಿಸಿಕೊಂಡಿತು, ಈಗ ಅದರ ಬಾಲದಲ್ಲೇ ಧಾತು. ಆದ್ದರಿಂದ ಅಲ್ಲಿ ಅಂತ್ಯಪ್ರಾಸಕ್ಕೆ ಬೆಲೆ. ಅದೂ ಮೂಲದಿಂದ ಇದ್ದದ್ದಲ್ಲ. ಬೇವುಲ್ಫ್ ಕಾಲದ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಶಬ್ದಗಳ ಮೊದಲ ವ್ಯಂಜನ ಒಂದಕ್ಕೊಂದು ತಾಗುವುದೇ ಕ್ರಮವಾಗಿತ್ತು. 1066ರಲ್ಲಿ ನಾರ್ಮನ್ನರು ಬಂದು, ಅವರ ಹಿಂದೆ ಫ್ರೆಂಚ್ ಹಾಡುಗಳು ಬಂದ ಮೇಲೆ ಕೊನೆಯ ಪ್ರಾಸ ಬೇರು ಬಿಟ್ಟಿತು.

ನಮ್ಮವರು ಪ್ರಾಸವನ್ನು ಆರು ಬಗೆ ಮಾಡಿ ಪ್ರಾಣಿಗಳ ಹೆಸರಿಟ್ಟರು. ಎರಡನೆಯ ಅಕ್ಷರದ ಹಿಂದೆ ಹ್ರಸ್ವ ಇದ್ದರೆ ಸಿಂಹಪ್ರಾಸ, ದೀರ್ಘ ಇದ್ದರೆ ಗಜಪ್ರಾಸ, ಸೊನ್ನೆ ಇದ್ದರೆ ವೃಷಭ, ಅದೇ ವ್ಯಂಜನದ ಒತ್ತಕ್ಷರವಾದರೆ ಹಯ. ಇನ್ನುಳಿದವು ಅಜ, ಶರಭ. ಪಂಡಿತರ ಗೊಡವೆ ನಮಗೇಕೆ ಎಂದುಕೊಳ್ಳಬೇಡಿ, ಗಾದೆಗಳಲ್ಲಿ ಇವೆಲ್ಲ ಓಡಾಡಿಕೊಂಡಿವೆ. ಕೈ ಕೆಸರಾದರೆ ಬಾಯಿ ಮೊಸರು ಎಂಬಲ್ಲಿ ಕೆಸರಿಗೆ ಮೊಸರು ಸಿಂಹ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬಲ್ಲಿ ವೇದಕ್ಕೆ ಗಾದೆ ಗಜ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬಲ್ಲಿ ಅಟ್ಟಕ್ಕೆ ಕೆಟ್ಟ ಹಯ, ಒತ್ತಕ್ಷರ ಕುದುರೆಯ ಗೊರಸಿನಂತೆ ಬೀಳುತ್ತದೆ. ವೃಷಭಕ್ಕೆ ಉದಾಹರಣೆಯನ್ನು ಮುಂದಕ್ಕೆ ಇಟ್ಟುಕೊಳ್ಳುತ್ತೇನೆ.

ಇದು ಎಷ್ಟು ಶ್ರಮದ ಕೆಲಸ ಎನ್ನುವುದಕ್ಕೆ ಭಾಮಿನಿ ಷಟ್ಪದಿ ಸಾಕ್ಷಿ. ಆರು ಸಾಲು, ಒಟ್ಟು 102 ಮಾತ್ರೆ, ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನ. ಒಂದು ಪದ್ಯ ಮುಗಿಸುವುದರೊಳಗೆ ಒಂದೇ ಪ್ರಾಸದ ಆರು ಶಬ್ದ ಬೇಕು, ಮರುಪದ್ಯಕ್ಕೆ ಮತ್ತೆ ಆರು. ಇಟಲಿಯ ಪೆಟ್ರಾರ್ಕನ ಸಾನೆಟ್ಟಿನಲ್ಲಿ ಮೊದಲ ಎಂಟು ಸಾಲಿಗೆ ಎರಡೇ ಪ್ರಾಸ, ಒಂದೊಂದಕ್ಕೆ ನಾಲ್ಕು ಶಬ್ದ. ಇಂಗ್ಲಿಷಿನಲ್ಲಿ ಅಷ್ಟು ಒದಗಿಸುವುದು ಪ್ರಯಾಸವೆಂದು ಅಲ್ಲಿನವರು ಹದಿನಾಲ್ಕು ಸಾಲನ್ನು ಏಳು ಜೋಡಿಯಾಗಿ ಸಡಿಲ ಮಾಡಿಕೊಂಡರು. ಶೇಕ್ಸ್‌ಪಿಯರ್ ಬರೆದದ್ದು ಆ ಕಟ್ಟಿನಲ್ಲಿ. ಕುಮಾರವ್ಯಾಸನಾದರೋ ಭಾರತದ ಹತ್ತು ಪರ್ವಗಳನ್ನು ಭಾಮಿನಿಯಲ್ಲೇ ಹೇಳಿದ.

ನಮ್ಮ ತಾಲೂಕುಗಳಲ್ಲಿ ಈ ವಿದ್ಯೆ ಪುಸ್ತಕದೊಳಗೆ ಉಳಿಯಲಿಲ್ಲ, ಗದ್ದೆಗೆ ಇಳಿಯಿತು. ಯಕ್ಷಗಾನದ ಪ್ರಸಂಗ ಎಂದರೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ, ತಾಳಕ್ಕೆ ಕಟ್ಟಿದ ಪದ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಕಮಲಶಿಲೆ, ಹಾಲಾಡಿ, ಕೋಟದ ಅಮೃತೇಶ್ವರಿ ಎಂದು ಮೇಳಗಳು ರಾತ್ರಿಯಿಡೀ ಹಾಡುವುದು ಅದನ್ನೇ. ಪದದ ಎತ್ತುಗಡೆಯಲ್ಲೇ ಪ್ರಾಸ ಸಿಕ್ಕಿದರೆ ಭಾಗವತರ ಗಂಟಲು ಬಿಗಿ ಹಿಡಿಯುತ್ತದೆ, ಚೆಂಡೆಗೂ ಅಲ್ಲಿ ಒಂದು ಒತ್ತು ಕೂಡಿಬರುತ್ತದೆ. ಗುಂಡ್ಮಿ ಕಾಳಿಂಗ ನಾವಡರು ಹಾಡುವಾಗ ಈ ಜಾಗ ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು ಎಂದು ಅವರ ಧ್ವನಿಸುರುಳಿ ಇಟ್ಟುಕೊಂಡವರು ಈಗಲೂ ಹಾಕಿ ತೋರಿಸುತ್ತಾರೆ. 1990ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡ ಆ ಭಾಗವತರು ಹಾಡಿದ್ದಷ್ಟೇ ಅಲ್ಲ, ‘ನಾಗಶ್ರೀ’ಯಂಥ ಪ್ರಸಂಗವನ್ನೂ ಬರೆದವರು. ಕಂದಾವರ ರಘುರಾಮ ಶೆಟ್ಟರ ಪ್ರಸಂಗಗಳನ್ನು ನೋಡುತ್ತಾ ಬೆಳೆದ ಪೀಳಿಗೆ ನಮ್ಮದು. ಯಕ್ಷಗಾನದ ಛಂದಸ್ಸಿಗೇ ಜೀವನ ಮುಡಿಪಿಟ್ಟ ಶಿಮಂತೂರು ನಾರಾಯಣ ಶೆಟ್ಟರ ‘ಯಕ್ಷಗಾನ ಛಂದೋಂಬುಧಿ’ ಕಂಡವರಿಗೆ ಪ್ರಸಂಗಕವಿಯ ಒಂದು ಪದದ ಹಿಂದೆ ಎಷ್ಟು ಲೆಕ್ಕಾಚಾರ ಇದೆ ಎಂದು ಅರ್ಥವಾದೀತು. ಆಟ ನೋಡಿ ಬೆಳೆದ ಮಗುವಿಗೆ ಈ ಲೆಕ್ಕ ಯಾರೂ ಕಲಿಸುವುದಿಲ್ಲ. ರಂಗಸ್ಥಳದ ಎದುರು ಚಾಪೆಯಲ್ಲಿ ಅರೆನಿದ್ದೆ ಮಾಡುತ್ತಲೇ ಕಿವಿಗೆ ಹತ್ತಿರುತ್ತದೆ.

ಇಂಗ್ಲಿಷ್ ಪ್ರಾಸ ಮತ್ತು ಕನ್ನಡದ ಪ್ರಾಸ ನಮ್ಮ ಕರಾವಳಿಯಲ್ಲಿ ಎದುರುಬದುರಾದ ಕಥೆಯೂ ದೊಡ್ಡದು. ನಂದಳಿಕೆಯ ಮುದ್ದಣ, 1870ರಿಂದ 1901ರವರೆಗಿನ ಚಿಕ್ಕ ಬದುಕಿನಲ್ಲಿ ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನಗಳನ್ನೂ ಬರೆದ, ಗದ್ಯದಲ್ಲಿ ‘ಶ್ರೀರಾಮಾಶ್ವಮೇಧ’ವನ್ನೂ ಬರೆದ. ಪದ್ಯಕ್ಕಿಂತ ಗದ್ಯವೇ ಚೆನ್ನ ಎಂದು ಅದರ ಮುದ್ದಣ ಮನೋರಮೆಯರ ಸಂವಾದದಲ್ಲಿ ಬರುವ ಮಾತು ಎಲ್ಲರಿಗೂ ಬಾಯಿಪಾಠ. ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎಂಬ ಆ ಮಾತೂ ಪ್ರಾಸದಲ್ಲೇ ಇದೆ! ಮುಂದೆ 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟು ಕವನ ಬರೆದರು. ಪ್ರಾಸ ಬಿಟ್ಟರೆ ಕಾವ್ಯ ಉಳಿಯುತ್ತದೆಯೇ ಎಂದು ದೊಡ್ಡ ಚರ್ಚೆಯೇ ನಡೆಯಿತು. ಇಂಗ್ಲಿಷಿನಲ್ಲಿ ಮಿಲ್ಟನ್ ಮಾಡಿದ್ದೂ ಇಂಥದ್ದೇ. 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಪ್ರಾಸವಿಲ್ಲದೆ ಬಂದಾಗ ಓದುಗರು ಕಕ್ಕಾಬಿಕ್ಕಿಯಾದರು. ಏಕೆ ಬಿಟ್ಟೆ ಎಂದು ಅವನು ಮರುವರ್ಷ ಒಂದು ಟಿಪ್ಪಣಿ ಸೇರಿಸಿ ಸಮಜಾಯಿಷಿ ಕೊಡಬೇಕಾಯಿತು.

ಗೋವಿಂದ ಪೈಗಳ ಕಾಲದಲ್ಲೇ ಕೊನೆಯ ಪ್ರಾಸ ಇನ್ನೊಂದು ಬಾಗಿಲಿನಿಂದ ಕನ್ನಡದ ಒಳಬರುತ್ತಿತ್ತು. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದು ಕನ್ನಡ ಕಾವ್ಯದ ದಿಕ್ಕು ತಿರುಗಿಸಿತು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲೇ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ‘ಆಂಗ್ಲ ಕವಿತಾವಳಿ’ ಎಂಬ ಸಂಕಲನ ಕೊಟ್ಟವರು ಹಟ್ಟಿಯಂಗಡಿ ನಾರಾಯಣ ರಾಯರು. ನಮ್ಮ ಹಟ್ಟಿಯಂಗಡಿಯ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು. ವಿನಾಯಕನ ದರ್ಶನಕ್ಕೆ ಆ ಊರಿಗೆ ಹೋಗುವ ಸಾವಿರಾರು ಜನರಿಗೆ ರಾಯರ ಹೆಸರು ಗೊತ್ತಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಶಾಲೆಯ ಮಕ್ಕಳಿಗಾದರೂ ಹೇಳಬೇಕು.

ಆಮೇಲೆ ಬೈಂದೂರಿನ ಪಕ್ಕದ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಬಂದರು. ಇಂಗ್ಲಿಷ್ ಪಾಠ ಹೇಳಿ ಬದುಕಿದವರು, ಇಂಗ್ಲಿಷ್ ಪ್ರಾಸದ ರುಚಿ ಚೆನ್ನಾಗಿ ಬಲ್ಲವರು. ಮೊದಮೊದಲು ಆ ಅಚ್ಚುಕಟ್ಟಿನಲ್ಲೇ ಬರೆದು, ನಂತರ ಅದನ್ನು ಮುರಿದು ಹೊರಬಂದರು. ಹೊರಬಂದ ಸಂಕಲನ 1954ರದ್ದು. ಅದಕ್ಕೆ ಅವರು ಕೊಟ್ಟ ಹೆಸರು ‘ಚಂಡೆಮದ್ದಳೆ’. ಹೊಸ ಕಾವ್ಯಕ್ಕೆ ದಾರಿ ಹುಡುಕುವಾಗ ಮೊಗೇರಿಯ ಮನುಷ್ಯನಿಗೆ ನೆನಪಾದದ್ದು ಹಿಮ್ಮೇಳ. ಇನ್ನು ಕುಂದಾಪುರದಲ್ಲೇ ಹುಟ್ಟಿ ಬೆಳೆದ ವೈದೇಹಿಯವರು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ಮಕ್ಕಳಿಗೆ ನಾಟಕ ಮಾಡಿ ‘ಧಾಂ ಧೂಂ ಸುಂಟರಗಾಳಿ’ ಎಂದು ಹೆಸರಿಟ್ಟರಲ್ಲ, ಮಳೆಗಾಲದ ನಮ್ಮ ಗಾಳಿಯ ಸದ್ದು ಅದರೊಳಗೆ ಇದೆ.

ಉಚ್ಚಾರದ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪ್ರಾಸ ಕೂಡಿತೇ ಇಲ್ಲವೇ ಎಂದು ತೀರ್ಮಾನ ಕೊಡುವುದು ಯಾರ ಬಾಯಿ? ಕೀಟ್ಸ್ ಕವಿ ಥಾರ್ನ್ಸ್ ಶಬ್ದಕ್ಕೆ ಫಾನ್ಸ್ ಎಂದು ಪ್ರಾಸ ಕೂಡಿಸಿದ. ಲಂಡನ್ನಿನವರ ಬಾಯಲ್ಲಿ ಸ್ವರದ ನಂತರದ ರಕಾರ ಕರಗಿಹೋಗುತ್ತದೆ, ಹಾಗಾಗಿ ಅವನ ಕಿವಿಗೆ ಎರಡೂ ಸಮ. ಅವನನ್ನು ಸಹಿಸದ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆ 1818ರಲ್ಲಿ ಕಾಕ್ನಿ ಪಂಥದ ಕವಿ ಎಂದು ಹೀಯಾಳಿಸಿತು. ಇಂದು ಆ ವಿಮರ್ಶಕರನ್ನು ಕೇಳುವವರಿಲ್ಲ, ಕೀಟ್ಸ್ ಉಳಿದಿದ್ದಾನೆ. ನಮ್ಮ ಮಕ್ಕಳು ರಕಾರ ಬಿಡುವುದಿಲ್ಲ. ಹಾರ್ಸ್ ಎಂದರೆ ಅದರಲ್ಲಿ ರೇಫ ಗಟ್ಟಿಯಾಗಿ ಇದೆ, ಸಾಸ್ ಎಂದರೆ ಇಲ್ಲ. ಲಂಡನ್ನಿನ ಕಿವಿಗೆ ಕೂಡುವ ಆ ಪ್ರಾಸ ನಮ್ಮ ಬಾಯಿಗೆ ಕೂಡದು. ಸ್ಕಾಟ್‌ಲೆಂಡಿನ, ಐರ್ಲೆಂಡಿನ, ಅಮೆರಿಕದ ಎಷ್ಟೋ ಜನರಿಗೂ ಕೂಡದು. ಇದರಲ್ಲಿ ತಪ್ಪು ಯಾರದೂ ಇಲ್ಲ. ಜಾಕ್ ಮತ್ತು ಜಿಲ್ ಗುಡ್ಡ ಹತ್ತಿದ ಶಿಶುಗೀತೆ ಎಲ್ಲ ಮಕ್ಕಳೂ ಹೇಳುತ್ತಾರೆ. ಅದರಲ್ಲಿ ವಾಟರಿಗೆ ಆಫ್ಟರ್ ಪ್ರಾಸ. ಇಂದಿನ ಇಂಗ್ಲೆಂಡಿನ ಉಚ್ಚಾರದಲ್ಲಿ ಅವು ಸರಿಯಾಗಿ ಕೂಡುವುದಿಲ್ಲ. ವಾಟರಿನ ಸ್ವರ ಓಕಾರದ ಕಡೆ ವಾಲಿದೆ. ನಮ್ಮ ಮಕ್ಕಳು ಎರಡನ್ನೂ ಬಾಯ್ತುಂಬ ಆಕಾರದಲ್ಲಿ ಹೇಳುತ್ತಾರೆ, ಪ್ರಾಸ ಅಷ್ಟರ ಮಟ್ಟಿಗೆ ಹತ್ತಿರ ಬರುತ್ತದೆ.

ಇಂಗ್ಲಿಷಿನಲ್ಲಿ ಜೊತೆ ಸಿಗದ ಒಂಟಿ ಶಬ್ದಗಳೂ ಇವೆ. ಆರೆಂಜ್, ಸಿಲ್ವರ್, ಮಂತ್ ಇವಕ್ಕೆ ಬಳಕೆಯ ಇಂಗ್ಲಿಷಿನಲ್ಲಿ ಪೂರ್ಣ ಪ್ರಾಸ ಇಲ್ಲವೆಂದು ಅಲ್ಲಿನವರೇ ಹೇಳುತ್ತಾರೆ. ಆರೆಂಜಿಗೆ ನಾನೂ ಏನೂ ಕೊಡಲಾರೆ. ಮಂತ್ ಎಂಬುದಕ್ಕೆ ಮಾತ್ರ ಕುಂದಾಪುರದಲ್ಲಿ ಜೊತೆ ಇದೆ: ಕಂತ್. ತಿಂಗಳು ತಿಂಗಳು ಸೊಸೈಟಿಗೆ ಕಟ್ಟುವ ಸಾಲದ ಕಂತು ನಮ್ಮ ಬಾಯಲ್ಲಿ ಕಂತ್ ತಾನೇ? ಮಂತ್, ಕಂತ್. ನಡುವೆ ಸೊನ್ನೆ ಇದೆ, ಆಚೆಗೆ ತಕಾರ ಇದೆ. ನಾಗವರ್ಮನ ಲೆಕ್ಕದಲ್ಲಿ ಶುದ್ಧ ವೃಷಭಪ್ರಾಸ. ಆಗ ಮುಂದಕ್ಕೆ ಇಟ್ಟುಕೊಂಡ ಉದಾಹರಣೆ ಇದೇ. ಬೆಲ್ ಎಂದರೆ ನೆಲ್, ಟೂರ್ ಎಂದರೆ ಊರ್, ಗೋಲ್ ಎಂದರೆ ಕೋಲ್. ‘ಮನಿ ಕಟ್ಟೂಕೆ ಮನಿ ಬೇಕ್’ ಎಂದು ಇಂಗ್ಲಿಷಿನ ದುಡ್ಡನ್ನೂ ಕುಂದಾಪುರದ ಮನೆಯನ್ನೂ ಕೂಡಿಸಿ ಆಡುವವರನ್ನು ಕೇಳಿದ್ದೀರಿ. ಇಂಗ್ಲಿಷ್ ಕಟ್ಟಳೆಯ ಪ್ರಕಾರ ತಲೆಯ ವ್ಯಂಜನವೂ ಒಂದೇ ಆದರೆ ಅದು ಪ್ರಾಸವೆನಿಸಿಕೊಳ್ಳದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಯಮಕ ಎಂಬ ಗೌರವದ ಸ್ಥಾನ ಇದೆ.

ಇಷ್ಟೆಲ್ಲ ಹೇಳಿದ್ದು ಒಂದು ಕೆಲಸದ ಆಸೆಯಿಂದ. ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿಯವರು ವರ್ಷಗಟ್ಟಲೆ ಶಬ್ದ ಕೂಡಿಸಿ, ಊರವರ ನೆರವು ಪಡೆದು ಕುಂದಾಪ್ರ ಕನ್ನಡಕ್ಕೆ ಒಂದು ನಿಘಂಟು ಮಾಡಿಕೊಟ್ಟಿದ್ದಾರೆ. ನಮ್ಮ ಭಾಷೆಗೆ ಇದಕ್ಕಿಂತ ದೊಡ್ಡ ಉಪಕಾರ ಈಚೆಗೆ ಯಾರೂ ಮಾಡಿಲ್ಲ. ಇನ್ನು ಆ ಶಬ್ದಗಳನ್ನೇ ವಾಕರ್ ಮಾಡಿದಂತೆ ಬಾಲದಿಂದ ಹಿಡಿದು ಜೋಡಿಸಬೇಕು. ನ್ ಎಂದು ಮುಗಿಯುವವು ಒಂದು ಕಡೆ, ರ್ ಎಂದು ಮುಗಿಯುವವು ಒಂದು ಕಡೆ, ಪಕ್ಕದಲ್ಲಿ ಅದೇ ಸದ್ದಿನ ಇಂಗ್ಲಿಷ್ ಶಬ್ದಗಳು, ಎಲ್ಲವೂ ಕನ್ನಡ ಲಿಪಿಯಲ್ಲಿ. ಶಾಲೆಯ ಮಕ್ಕಳಿಗೂ ಆದೀತು, ಪ್ರಸಂಗ ಬರೆಯುವ ಹೊಸ ಹುಡುಗರಿಗೂ ಆದೀತು. ಆಸಾಡಿ ಅಮಾಸಿಯ ದಿವಸ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಊರೂರಲ್ಲಿ ಸೇರುತ್ತೇವಲ್ಲ, ಭಾಷಣ ಒಂದು ಕಡಿಮೆ ಮಾಡಿ ಅಲ್ಲೇ ಇದಕ್ಕೆ ಕೈ ಹಾಕಬಹುದು. ನ್ ಪುಟಕ್ಕೆ ನನ್ನ ಪಾಲಿನ ನಾಲ್ಕು ಶಬ್ದ ಬರೆದಿಟ್ಟಿದ್ದೇನೆ: ಮೀನ್, ಜೇನ್, ಕಾನ್, ಬಾನ್. ರ್ ಪುಟ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೀವು ಶುರು ಮಾಡಿ.